ದೌರ್ಬಲ್ಯದ ಕಾಲಂ

ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್‌ಗೆ ಅವು ಸಲ್ಲಿಸುವ ಸ್ವಯಂ ಅಧ್ಯಯನ ವರದಿಯನ್ನು ಆತ್ಮಾವಲೋಕನ ಎಂದು ಹೊಗಳದ ಕಾರ್ಯಾಗಾರವಿಲ್ಲ. ಆ ಹೊಗಳಿಕೆಗೆ ಈ ವರದಿ ಯೋಗ್ಯವಲ್ಲ. ಏಳು ಮಾನದಂಡ, 1000 ಅಂಕ, ದತ್ತಾಂಶ ಪರಿಶೀಲನೆಯ ಡಿವಿವಿ, ತಪಾಸಣೆಗೆ ಬರುವ ಪಿಯರ್ ಟೀಮ್: ಕಾಲೇಜಿನ ಗುಣಮಟ್ಟ ಕೋಶವಾದ ಐಕ್ಯೂಎಸಿಯಲ್ಲಿ ದುಡಿದವರಿಗೆ ಇದನ್ನೆಲ್ಲ ಹೇಳಿಕೊಡಬೇಕಿಲ್ಲ. ನಾನು ನೋಡಬೇಕೆಂದಿರುವುದು ನೇರ ಅಂಕವಿಲ್ಲದ ಒಂದು ಮೂಲೆಯನ್ನು. ವರದಿಯ ಆರಂಭದ ಸಾರಾಂಶದಲ್ಲಿ ಶಕ್ತಿ, ದೌರ್ಬಲ್ಯ, ಅವಕಾಶ, ಸವಾಲು ಎಂಬ ನಾಲ್ಕು ತಲೆಬರಹಗಳಿರುತ್ತವೆ. ಕಾಲೇಜು ತನ್ನ ಬಗ್ಗೆ ನಿಜ ನುಡಿಯಬಹುದಾದ ಜಾಗ ಅಲ್ಲಿನ ಎರಡನೆಯದು.

ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ವರದಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿ. ದೌರ್ಬಲ್ಯದಡಿ ಮತ್ತೆ ಮತ್ತೆ ಸಿಗುವುದು ವಿದ್ಯಾರ್ಥಿಗಳೇ. ಅವರು ಗ್ರಾಮೀಣರು, ಮನೆಯಲ್ಲಿ ಮೊದಲಿಗರಾಗಿ ಪದವಿ ಓದುತ್ತಿರುವವರು, ಇಂಗ್ಲಿಷ್ ಕಷ್ಟ ಇರುವವರು. ಶಕ್ತಿಯಡಿಯಲ್ಲೂ ಅವರೇ: ಹಿಂದುಳಿದ ಭಾಗದ ಮಕ್ಕಳಿಗೆ ಉನ್ನತ ಶಿಕ್ಷಣ ಮುಟ್ಟಿಸಿದ ಹೆಮ್ಮೆ. ಸವಾಲಿನಡಿ ಮೂರನೇ ಸಲ ಅವರೇ, ದೂರದ ಹಳ್ಳಿಯಿಂದ ಬರುವವರ ಹಾಜರಾತಿಯಾಗಿ. ಕಾಲೇಜು ತಾನೇನು ಮಾಡಲಿಲ್ಲ ಎಂಬ ವಾಕ್ಯ ಮಾತ್ರ ಇಲ್ಲ. ಸೆಮಿಸ್ಟರ್ ಶುರುವಾದರೂ ಅತಿಥಿ ಉಪನ್ಯಾಸಕರ ನೇಮಕ ಆಗದೆ ಪಾಠ ನಿಂತದ್ದು, ಕೊನೆಯ ಬಸ್ಸಿಗೆ ಓಡುವ ಹುಡುಗಿಗೆ ಗ್ರಂಥಾಲಯದ ಬಾಗಿಲು ದಕ್ಕದಿರುವುದು ಆ ಪುಟಕ್ಕೆ ಬರುವುದಿಲ್ಲ. ಬಂದರೂ ‘ಸಿಬ್ಬಂದಿ ಕೊರತೆ ಇದೆ’ ಎಂದು ಬರುತ್ತದೆ. ಕೊರತೆ ಮಾಡಿದವರು ಯಾರೂ ಇಲ್ಲ.

ಇದನ್ನು ಸೋಮಾರಿತನ ಎನ್ನಲಾರೆ. ವರದಿ ಬರೆಯುವವರು ಇಲಾಖೆಯ ನೌಕರರು. ಹುದ್ದೆ ತುಂಬುವುದು, ಅತಿಥಿ ಉಪನ್ಯಾಸಕರ ಪಟ್ಟಿ ಹೊರಡಿಸುವುದು ಪ್ರಾಂಶುಪಾಲರ ಕೈಯಲ್ಲಿಲ್ಲ. ಮೇಲಿನವರ ಲೋಪವನ್ನು ಹೆಸರಿಟ್ಟು ಬರೆಯುವಂತಿಲ್ಲ, ತಮ್ಮದನ್ನು ಬರೆದರೆ ಗ್ರೇಡಿನ ಭಯ. ಹಾಗಾಗಿ ತಪ್ಪು ಕೆಳಕ್ಕೆ ಜಾರಿ, ಮರುಮಾತಾಡದ ವಿದ್ಯಾರ್ಥಿಯ ತಲೆಯ ಮೇಲೆ ಕೂರುತ್ತದೆ. ಏಳನೇ ಮಾನದಂಡದ ‘ಉತ್ತಮ ಆಚರಣೆ’ಗಳಲ್ಲೂ ಎದುರಾದ ಸಮಸ್ಯೆ ಬರೆಯಲು ಜಾಗವಿದೆ. ಅಲ್ಲಿ ಸಮಸ್ಯೆ ಹುಟ್ಟಿದ ವಾಕ್ಯದಲ್ಲೇ ಪರಿಹಾರವೂ ಆಗಿಬಿಡುತ್ತದೆ.

ಈ ವರದಿಯ ನೆಪದಲ್ಲಿ ಕಾಲೇಜುಗಳು ಕಡತ ಜೋಡಿಸಿದವು, ಹಳೆಯ ವಿದ್ಯಾರ್ಥಿಗಳನ್ನು ಹುಡುಕಿದವು. ಅಷ್ಟು ಲಾಭ ಒಪ್ಪೋಣ; ಅದು ಆತ್ಮಾವಲೋಕನವಲ್ಲ.

ನ್ಯಾಕ್‌ನ ಟೀಕಾಕಾರರೊಂದಿಗೂ ನನಗೆ ಜಗಳವಿದೆ. ಅಂಕಿಅಂಶ ಹೆಚ್ಚಿಸಿದರೆ ಸುಳ್ಳು ನಿಲ್ಲುತ್ತದೆ ಎಂದರು ಕೆಲವರು. 2017ರ ಪರಿಷ್ಕರಣೆಯಲ್ಲಿ ಸುಮಾರು 70 ಪ್ರತಿಶತ ತೂಕ ಸಂಖ್ಯೆಗಳಿಗೆ ಹೋಯಿತು. ಜಿಯೋಟ್ಯಾಗ್ ಫೋಟೊಗಳ ರಾಶಿ ಬೆಳೆಯಿತು, ದೌರ್ಬಲ್ಯದ ಕಾಲಂ ಇದ್ದಲ್ಲೇ ಇದೆ. 2025ರ ಫೆಬ್ರುವರಿಯಲ್ಲಿ ಲಂಚದ ಆರೋಪದಡಿ ತಪಾಸಣಾ ತಂಡದವರನ್ನು ಸಿಬಿಐ ಬಂಧಿಸಿದ ಮೇಲೆ, ರೋಗವೆಲ್ಲ ಪಿಯರ್ ಟೀಮಿನದು ಎನ್ನುವವರು ಹೆಚ್ಚಾದರು. ಲಂಚ ಮುಟ್ಟದ ತಂಡ ಬಂದರೂ ಅದರ ಕೈಗೆ ಸಿಗುವುದು ಇದೇ ವರದಿಯಲ್ಲವೇ? ಈಗ ಶ್ರೇಣಿ ಬಿಟ್ಟು ಮಾನ್ಯತೆ ಉಂಟು, ಇಲ್ಲ ಎಂಬ ಎರಡೇ ತೀರ್ಪಿನ ಮಾತು ನಡೆದಿದೆ. ಭಯ ಗ್ರೇಡಿನಿಂದ ಮಾನ್ಯತೆಗೆ ವರ್ಗವಾಗುತ್ತದೆ, ಅಷ್ಟೆ.

ಈ ವರದಿಗಳು ಕಾಲೇಜುಗಳ ಜಾಲತಾಣದಲ್ಲೇ ಸಿಗುತ್ತವೆ. ಮಗಳನ್ನು ಸೇರಿಸುವ ಮೊದಲು ಗ್ರೇಡ್ ಬಿಟ್ಟು ದೌರ್ಬಲ್ಯದ ಕಾಲಂ ಓದಿ. ಅಲ್ಲಿ ನಿಮ್ಮ ಊರು, ನಿಮ್ಮ ಭಾಷೆ, ನಿಮ್ಮ ಬಡತನ ಬಿಟ್ಟು ಬೇರೇನೂ ಕಾಣದಿದ್ದರೆ, ಕಾಲೇಜಿನ ದೌರ್ಬಲ್ಯ ಯಾವುದೆಂದು ಪ್ರಾಂಶುಪಾಲರನ್ನೇ ಕೇಳಿ.