ಮುಗಿಯದ ವೃಂದಗೀತೆ: ಸ್ಟ್ರೌಸ್, ಹೆಸ್ಸೆ ಮತ್ತು ಮೈಸೂರು

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರೌಸನ ನಾಲ್ಕು ಗೀತೆಗಳು ಮೊದಲ ಬಾರಿಗೆ ಕೇಳಿಬಂದವು. ಹಾಡಿದವಳು ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ವಾದ್ಯವೃಂದವನ್ನು ನಡೆಸಿದವನು ಫುರ್ಟ್‌ವೆಂಗ್ಲರ್. ಆ ಕಚೇರಿಗೆ 4,800 ಡಾಲರುಗಳ ಖಾತರಿ ನೀಡಿದವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್. ಕನ್ನಡದಲ್ಲಿ ಈ ಸಂಗತಿಯನ್ನು ನೆನೆಯುವುದು ಹೆಚ್ಚಾಗಿ ರಾಜಾಶ್ರಯದ ಹೆಮ್ಮೆಗಾಗಿ. ಆದರೆ ಆ ಸಂಜೆ ಹಾಡಲಾಗದ ಇನ್ನೊಂದು ರಚನೆಯಿತ್ತು. ಅದು ಪೂರ್ಣಗೊಂಡಿರಲಿಲ್ಲ; ಅದನ್ನು ಗಮನಿಸದೆ ಹಾಡಿದ ನಾಲ್ಕರ ಅರ್ಥವೂ ಪೂರ್ಣವಾಗುವುದಿಲ್ಲ.

‘ನಾಲ್ಕು ಕೊನೆಯ ಗೀತೆಗಳು’ ಎಂಬ ಹೆಸರು ಸ್ಟ್ರೌಸನದಲ್ಲ. 1949ರ ಸೆಪ್ಟೆಂಬರ್ 8ರಂದು ಅವನು ತೀರಿಕೊಂಡ ಮೇಲೆ ಪ್ರಕಾಶಕ ಅರ್ನ್‌ಸ್ಟ್ ರೋಟ್ ಇಟ್ಟದ್ದು. ಒಂದು ಗೀತೆ ಐಷನ್‌ಡಾರ್ಫನ ಕವಿತೆ, ಉಳಿದ ಮೂರು ಹರ್ಮನ್ ಹೆಸ್ಸೆಯವು. ಐಷನ್‌ಡಾರ್ಫನ ಗೀತೆಯ ಕೊನೆಯಲ್ಲಿ ಸ್ಟ್ರೌಸ್ ತನ್ನ ಯೌವನದ ‘ಮರಣ ಮತ್ತು ರೂಪಾಂತರ’ದ ಒಂದು ಸ್ವರಮಾಲೆಯನ್ನು ಮರಳಿ ತರುತ್ತಾನೆ. ಹೀಗಾಗಿ ವೃದ್ಧ ಕಲಾವಿದ ಶಾಂತನಾಗಿ ಸಾವನ್ನು ಒಪ್ಪಿಕೊಂಡ ಎಂಬ ಚಿತ್ರ ನೆಲೆನಿಂತಿತು. ಆ ಚಿತ್ರವನ್ನು ಕದಲಿಸುವುದು ಹೆಸ್ಸೆಯ ನಾಲ್ಕನೆಯ ಕವಿತೆಗೆ ಅವನು ಬರೆದಿಟ್ಟ ಕರಡು.

ಆ ಕವಿತೆ ‘ಬೆಸಿನ್ನುಂಗ್’, ಎಂದರೆ ಮನನ. ಹೆಸ್ಸೆ ಬರೆದದ್ದು 1933ರಲ್ಲಿ. ಚೈತನ್ಯ ಮತ್ತು ಮಣ್ಣು ಎರಡಕ್ಕೂ ಸೇರಿದ ಮನುಷ್ಯ ಸದಾ ಒಡಕಿನಲ್ಲಿ ಬದುಕುತ್ತಾನೆ. ಆದರೂ ದಾರಿ ತಪ್ಪಿದವರ ನಡುವೆ ಪ್ರೀತಿ ಸಾಧ್ಯ, ತೀರ್ಪಿಗಿಂತ ದ್ವೇಷಕ್ಕಿಂತ ತಾಳ್ಮೆ ದೊಡ್ಡದು ಎಂಬುದು ಅದರ ಆಶಯ. ಇತರ ಮೂರು ಕವಿತೆಗಳಲ್ಲಿರುವ ವಸಂತ, ತೋಟ, ನಿದ್ರೆಗಳ ಚಿತ್ರಸಮೃದ್ಧಿ ಇಲ್ಲಿಲ್ಲ. ಇದು ವಿಚಾರದ ಕವಿತೆ.

ಇದಕ್ಕೆ ಸ್ಟ್ರೌಸ್ ಆರಿಸಿಕೊಂಡದ್ದು ಏಕಕಂಠವನ್ನಲ್ಲ, ವೃಂದವನ್ನು. ಅದರಲ್ಲಿಯೂ ಫ್ಯೂಗ್ ಬಂಧವನ್ನು. ಒಂದೇ ಸ್ವರವಸ್ತುವನ್ನು ಒಂದರ ಹಿಂದೊಂದು ದನಿ ಎತ್ತಿಕೊಂಡು, ಪ್ರತಿಯೊಂದೂ ತನ್ನ ದಾರಿಯನ್ನು ಬಿಡದೆ ಉಳಿದವುಗಳೊಡನೆ ಸಾಗುವುದು ಫ್ಯೂಗ್. ಹದಿನಾರನೆಯ ಶತಮಾನದಿಂದ ಚರ್ಚಿನ ಶಾಲೆಗಳಲ್ಲಿ ಸ್ವರಲಿಪಿ ಕಲಿತ ಗೋವೆಯ ಕೇಳುಗರಿಗೆ ಈ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ. ಮಾಂಡೊ ಹಾಡಿನಲ್ಲಿ ಎರಡನೆಯ ದನಿ ಮೊದಲನೆಯದಕ್ಕೆ ಹೊಂದಿ ನಡೆಯುತ್ತದೆ. ಫ್ಯೂಗಿನಲ್ಲಿ ದನಿಗಳು ಬೇರೆಯಾಗಿದ್ದೇ ಕೂಡಬೇಕು. ಒಡಕಿನಲ್ಲಿಯೂ ಸೋದರತ್ವ ಸಾಧ್ಯ ಎನ್ನುವ ಕವಿತೆಗೆ ಇದಕ್ಕಿಂತ ತಕ್ಕ ಬಂಧವಿಲ್ಲ. ಆದ್ದರಿಂದ ಈ ಕರಡನ್ನು ಕವಿತೆಯ ಒಂದು ವಿಮರ್ಶೆಯೆಂದೇ ಓದಬೇಕು. ಫ್ಯೂಗ್ ತೀರ ಜಟಿಲವಾಯಿತೆಂದು ಸ್ಟ್ರೌಸ್ ಕೈಬಿಟ್ಟನೆಂಬ ಮಾತಿದೆ.

ಕೈಬಿಟ್ಟದ್ದರಲ್ಲಿ ವಯಸ್ಸಿನ ದಣಿವಷ್ಟೇ ಇದೆಯೇ? ಹೆಸ್ಸೆ ಈ ಕವಿತೆ ಬರೆದ ವರ್ಷವೇ ಸ್ಟ್ರೌಸ್ ನಾಜಿ ಆಡಳಿತದ ಸಂಗೀತ ಮಂಡಳಿಯ ಅಧ್ಯಕ್ಷನಾದ. ಸ್ಟೆಫಾನ್ ಜ್ವೈಗ್‌ಗೆ ಬರೆದ ಪತ್ರ ಗೆಸ್ಟಾಪೊ ಕೈಸೇರಿದ ಮೇಲೆ, 1935ರಲ್ಲಿ, ಆ ಸ್ಥಾನ ಕಳೆದುಕೊಂಡ. ಅವನ ಸೊಸೆ ಯಹೂದಿ ಮೂಲದವಳು. ಸ್ವಿಟ್ಜರ್ಲೆಂಡಿನ ಪೌರನಾಗಿದ್ದ ಹೆಸ್ಸೆಗೆ ಸ್ಟ್ರೌಸನ ರಾಜಿಗಳೂ ಹಿಡಿಸಲಿಲ್ಲ, ಈ ಗೀತೆಗಳೂ ಹಿಡಿಸಲಿಲ್ಲ. ಕರಡನ್ನು ತಪ್ಪೊಪ್ಪಿಗೆಯೆಂದು ಓದುವುದು ಸಾಕ್ಷ್ಯವನ್ನು ಮೀರಿದ ಮಾತಾದೀತು. ಆದರೆ ಏಕಾಂತದ ವಿದಾಯ ಅವನಿಗೆ ಒದಗಿ ಬಂತು, ಹಲವರ ದನಿಯಲ್ಲಿ ಕ್ಷಮೆಯನ್ನು ಹಾಡಿಸುವುದು ಒದಗಲಿಲ್ಲ ಎಂಬಷ್ಟನ್ನು ಹಾಳೆಗಳೇ ಹೇಳುತ್ತವೆ.

ಉಳಿದುದನ್ನು ಮುಂದುವರಿಸುವುದಕ್ಕೆ ಕನ್ನಡದಲ್ಲಿ ಮನ್ನಣೆಯ ಪರಂಪರೆಯಿದೆ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ತಿಮ್ಮಣ್ಣಕವಿ ಪೂರೈಸಿದ. ಅಲ್ಲಿ ಕಥೆ ಎಲ್ಲರಿಗೂ ಗೊತ್ತು, ಮುಂದಿನ ದಾರಿ ಸಿದ್ಧವಾಗಿದೆ. ಸ್ಟ್ರೌಸನ ಕರಡಿಗೆ ಅಂಥ ದಾರಿಯಿಲ್ಲ. ಬೇರೊಬ್ಬನು ಅದನ್ನು ಮುಗಿಸಿದರೆ ದೊರೆಯುವುದು ಸಮಾಧಾನ. ಕಳೆಯುವುದು ಸ್ಟ್ರೌಸ್ ಎದುರಿಸಿ ದಾಟಲಾಗದೆ ಹೋದ ಪ್ರಶ್ನೆ. ಆ ನಾಲ್ಕು ಗೀತೆಗಳ ಸೌಂದರ್ಯ ಇದರಿಂದ ಕುಗ್ಗುವುದಿಲ್ಲ. ಅವು ಕೊನೆಯ ಮಾತಲ್ಲ ಎಂದು ತಿಳಿದು ಕೇಳಿದಾಗ, ಅವುಗಳ ಶಾಂತಿಗೆ ತೆತ್ತ ಬೆಲೆಯೂ ಕೇಳಿಸುತ್ತದೆ.