ಗಾಜಿನೊಳಗೊಂದು ಮಲೆನಾಡ ಹಳ್ಳ

ಮೀನಿನ ಅಂಗಡಿಗೆ ಹೋದವರ ಕಣ್ಣು ಮೊದಲು ಬೀಳುವುದು ಗೋಲ್ಡ್‌ಫಿಶ್, ಗಪ್ಪಿ, ಏಂಜೆಲ್‌ಗಳ ಮೇಲೆ. ಇವೆಲ್ಲ ಚೀನಾ, ದಕ್ಷಿಣ ಅಮೆರಿಕಗಳ ಮೂಲದವು. ನಮ್ಮ ತುಂಗಾ, ಕುಮಾರಧಾರಾ, ನೇತ್ರಾವತಿಗಳ ಮೀನುಗಳು ಅಲ್ಲಿದ್ದರೂ ಮೂಲೆಯ ಬರಿ ತೊಟ್ಟಿಯಲ್ಲಿ, ಹೆದರಿ, ಬಣ್ಣ ಕಳೆದುಕೊಂಡು ನಿಂತಿರುತ್ತವೆ. ಅವುಗಳ ಚೆಲುವು ಹೊರಬರಬೇಕಾದರೆ ಹುಟ್ಟೂರಿನ ನೆಲ, ನೆರಳು, ಹರಿವು ಜೊತೆಗಿರಬೇಕು. ಆದ್ದರಿಂದ ದೇಸಿ ಮೀನು ಸಾಕಲು ಹೊರಟವರು ಮೀನಿಗಿಂತ ಮುಂಚೆ ಹಳ್ಳವನ್ನು ಅರಿಯಬೇಕು.

ಹಳ್ಳದ ದಂಡೆಯಲ್ಲಿ

ಮಳೆ ನಿಂತು ನೀರು ತಿಳಿಯಾದ ಮೇಲೆ, ಡಿಸೆಂಬರಿನಿಂದ ಫೆಬ್ರವರಿಯೊಳಗೆ, ಮಲೆನಾಡಿನ ಯಾವುದಾದರೂ ತೊರೆಯ ಬಳಿ ಕೂತು ನೋಡಿ. ನಿಮ್ಮ ನೆರಳು ನೀರಿನ ಮೇಲೆ ಬೀಳದಿರಲಿ. ಮೊದಲು ಏನೂ ಕಾಣುವುದಿಲ್ಲ. ಅಲ್ಲಾಡದೆ ಕೂತಿದ್ದರೆ ಬಚ್ಚಿಟ್ಟುಕೊಂಡವು ಒಂದೊಂದಾಗಿ ಈಚೆ ಬರುತ್ತವೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತರೂ ಒಳ್ಳೆಯ ಪಾಠ ಸಿಗುತ್ತದೆ. ಅಲ್ಲಿನ ದೇವರ ಮೀನುಗಳನ್ನು, ಎಂದರೆ ಮಹಸೀರ್‌ಗಳನ್ನು, ಭಕ್ತರು ಮಂಡಕ್ಕಿ ಎಸೆಯುವಾಗ ನೋಡಿದರೆ ಸಾಲದು, ಆಮೇಲೂ ನೋಡಬೇಕು. ಅವು ಹರಿವಿಗೆ ಮುಖಮಾಡಿ, ಬಾಲವನ್ನು ತುಸುವೇ ಆಡಿಸುತ್ತ ನಿಂತಲ್ಲೇ ನಿಲ್ಲುತ್ತವೆ. ತಿನಿಸು ತೇಲಿ ಬರುವುದು ಆ ಕಡೆಯಿಂದಲೇ. ತೊಟ್ಟಿಯಲ್ಲಿ ಹರಿವು ಏಕೆ ಬೇಕು ಎಂಬುದು ಇಷ್ಟರಲ್ಲೇ ಅರ್ಥವಾಗುತ್ತದೆ.

ಬಾಯಿ ನೋಡಿ, ಅಂತಸ್ತು ತಿಳಿಯಿರಿ

ಹಳ್ಳಕ್ಕೆ ಮೂರು ಅಂತಸ್ತು. ಯಾವ ಮೀನು ಎಲ್ಲಿ ಬಾಳುತ್ತದೆ ಎಂಬುದನ್ನು ಅದರ ಬಾಯಿಯೇ ಹೇಳುತ್ತದೆ.

ಬಾಯಿ ಮೇಲ್ಮುಖವಾಗಿ, ಬೆನ್ನು ಚಪ್ಪಟೆಯಾಗಿದ್ದರೆ ಅದು ನೀರಿನ ಮೇಲ್ಪದರದ್ದು. ಪಟ್ಟೆ ಪ್ಯಾಂಚಾಕ್ಸ್ ಹಾಗಿರುತ್ತದೆ. ತಲೆಯ ಮೇಲೆ ಬೆಳ್ಳಿಯಂತೆ ಹೊಳೆಯುವ ಒಂದು ಚುಕ್ಕೆಯಿದೆ. ನೀರಿನ ಮೈಗೆ ಅಂಟಿದಂತೆ ಕದಲದೆ ನಿಂತು, ಬಿದ್ದ ಹುಳುವನ್ನು ಥಟ್ಟನೆ ಹಿಡಿಯುತ್ತದೆ. ಸೊಳ್ಳೆಮರಿ ಅದಕ್ಕೆ ಪ್ರಿಯ.

ಬಾಯಿ ನೇರ ಮುಂದಕ್ಕಿದ್ದರೆ ನಡುನೀರಿನ ಮೀನು. ಮಲಬಾರ್ ಡೇನಿಯೊ ಸದಾ ಗುಂಪಿನಲ್ಲಿ ಹರಿವಿನ ಎದುರು ಈಜುತ್ತದೆ. ಪಕ್ಕಕ್ಕೆ ತಿರುಗಿದಾಗ ನೀಲಿ ಗೆರೆಗಳು ಮಿಂಚುತ್ತವೆ. ಫಿಲಮೆಂಟ್ ಬಾರ್ಬ್ ನಿಧಾನವಾಗಿ ಅರಳುವ ಮೀನು. ಮರಿಯ ಮೈಮೇಲಿನ ಕಪ್ಪು ಪಟ್ಟೆಗಳು ಬೆಳೆದಂತೆ ಮಾಸಿ, ಬಾಲದ ಬಳಿ ಒಂದೇ ಕಪ್ಪು ಮಚ್ಚೆ ಉಳಿಯುತ್ತದೆ. ಗಂಡಿನ ಬೆನ್ನಿನ ರೆಕ್ಕೆಯಿಂದ ನೂಲಿನಂಥ ಎಳೆಗಳು ಹೊರಡುತ್ತವೆ. ಎರಡು ಗಂಡುಗಳು ಆ ರೆಕ್ಕೆ ಬಿಚ್ಚಿ ಒಂದನ್ನೊಂದು ಸುತ್ತುವಾಗ ಬಣ್ಣ ತುಂಬಿ ಬರುತ್ತದೆ. ಒಂಟಿಯಾಗಿ ಸಾಕಿದವರಿಗೆ ಈ ನೋಟ ಸಿಗುವುದಿಲ್ಲ.

ಬಾಯಿ ಕೆಳಗಿದ್ದು ಸುತ್ತ ಮೀಸೆಯಿದ್ದರೆ ತಳದ ಮೀನು. ಲೋಚ್‌ಗಳು ಮರಳನ್ನು ಬಾಯಿಗೆ ಎಳೆದು, ತಿನಿಸು ಸೋಸಿಕೊಂಡು, ಉಳಿದದ್ದನ್ನು ಕಿವಿರಿನಿಂದ ಹೊರಹಾಕುತ್ತವೆ.

ತೊಟ್ಟಿ ಕಟ್ಟುವ ಬಗೆ

ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕ್ ಹೊಸಬರಿಗೆ ಸರಿ. ಸುಮಾರು 190 ಲೀಟರ್ ಹಿಡಿಯುತ್ತದೆ. ನೀರೇ 190 ಕಿಲೋ ತೂಗುವುದರಿಂದ ಗಟ್ಟಿ ಸ್ಟ್ಯಾಂಡ್ ಬೇಕು. ನೇರ ಬಿಸಿಲು ಬೀಳದಿರಲಿ, ಪಾಚಿ ಕಟ್ಟುತ್ತದೆ. ಡೇನಿಯೊ, ಪ್ಯಾಂಚಾಕ್ಸ್ ಎರಡೂ ಹಾರುವ ಮೀನುಗಳು, ಮುಚ್ಚಳ ಇರಲೇಬೇಕು.

ತಳಕ್ಕೆ ತೊಳೆದ ಹೊಳೆಮರಳು, ಅದರ ಮೇಲೆ ನೀರು ಸವೆಸಿದ ದುಂಡುಕಲ್ಲು, ಒಂದೆರಡು ಮರದ ಬೇರು. ಅಮೃತಶಿಲೆಯ ಚೂರು, ಚಿಪ್ಪು, ಹವಳ ನೀರನ್ನು ಗಡಸು ಮಾಡುತ್ತವೆ, ಬೇಡ. ಒಣಗಿದ ಬಾದಾಮಿ ಎಲೆ ಹಾಕಿದರೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಮೀನಿನ ಹೆದರಿಕೆ ಕಳೆಯುತ್ತದೆ. ಗಿಡಗಳಲ್ಲಿ ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಘಟ್ಟದ ಲಾಜೆನಾಂಡ್ರಾ ನಮ್ಮವೇ. ಫಿಲ್ಟರಿನ ನೀರು ಒಂದು ತುದಿಯಿಂದ ಇನ್ನೊಂದಕ್ಕೆ ಉದ್ದುದ್ದ ಹರಿಯುವಂತೆ ಇಡಿ.

ನಲ್ಲಿ ನೀರಿಗೆ ಕ್ಲೋರಿನ್ ನಿವಾರಕ ಬೆರೆಸಿ. ಆಮೇಲೆ ಕಾಯಬೇಕು. ಮೀನಿನ ಹೇಲು, ಉಳಿದ ತಿನಿಸು ಕೊಳೆತು ಅಮೋನಿಯಾ ಆಗುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ, ಮತ್ತೆ ನೈಟ್ರೇಟ್ ಆಗಿ ಬದಲಿಸುತ್ತವೆ. ಮೊದಲೆರಡೂ ಮೀನಿಗೆ ವಿಷ. ಈ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಅಷ್ಟು ದಿನ ಬರಿ ತೊಟ್ಟಿಗೇ ಚಿಟಿಕೆ ತಿನಿಸು ಹಾಕುತ್ತಿರಿ. ಟೆಸ್ಟ್ ಕಿಟ್ ಅಮೋನಿಯಾ, ನೈಟ್ರೈಟ್ ಎರಡನ್ನೂ ಸೊನ್ನೆ ತೋರಿಸಿದ ಮೇಲೆ ಮೀನು ಬಿಡಿ: ಎಂಟು ಡೇನಿಯೊ, ಆರು ಬಾರ್ಬ್, ಒಂದು ಜೊತೆ ಪ್ಯಾಂಚಾಕ್ಸ್, ಐದು ಸಣ್ಣ ಲೋಚ್. ಒಂದೊಂದೇ ಗುಂಪಾಗಿ, ವಾರಗಳ ಅಂತರದಲ್ಲಿ ಬಿಡಬೇಕು. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ.

ನಿಮ್ಮದು ಗಡಸು ಬೋರ್‌ವೆಲ್ ನೀರಾದರೆ ಆರೆಂಜ್ ಕ್ರೋಮೈಡ್ ಜೋಡಿಯೊಂದಕ್ಕೆ ಬೇರೆ ತೊಟ್ಟಿ ಇಡಿ. ಕರಾವಳಿಯ ಹಿನ್ನೀರಿನ ಈ ಹಳದಿ ಮೀನಿನಲ್ಲಿ ತಂದೆ ತಾಯಿ ಇಬ್ಬರೂ ಮೊಟ್ಟೆ ಕಾಯುತ್ತಾರೆ, ರೆಕ್ಕೆ ಬೀಸಿ ಅದಕ್ಕೆ ಹೊಸ ನೀರು ಆಡಿಸುತ್ತಾರೆ. ಮರಿಗಳು ಹೆತ್ತವರ ಮೈಯ ಲೋಳೆಯನ್ನು ಕಚ್ಚಿ ತಿಂದು ಬೆಳೆಯುತ್ತವೆ. ಇದಕ್ಕಿಂತ ದೊಡ್ಡ ನೋಟ ಮನೆಯ ತೊಟ್ಟಿಯಲ್ಲಿ ಸಿಗುವುದು ಅಪರೂಪ.

ಸಾಕಬಾರದ ಚೆಲುವು

ಕೆಲವು ಮೀನುಗಳನ್ನು ದೂರದಿಂದಲೇ ಪ್ರೀತಿಸಬೇಕು. ಹಳದಿ ಕಪ್ಪು ಪಟ್ಟೆಯ ಜೀಬ್ರಾ ಲೋಚ್ ಅನ್ನು 1920ರಲ್ಲಿ ಲೋಕಕ್ಕೆ ಪರಿಚಯಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣರಾವ್. ಅದು ನಮ್ಮ ತುಂಗೆಯ ಮೀನು, ಇಂದು ಅಳಿವಿನಂಚಿನ ಪಟ್ಟಿಯಲ್ಲಿದೆ. ಕರ್ನಾಟಕದ ತೊರೆಯಲ್ಲಿ ಸಿಕ್ಕಿ 2015ರಲ್ಲಿ ಹೆಸರು ಪಡೆದ ಪುಟಾಣಿ ಡೇರಿಯೊ ಹುಲಿ ಇನ್ನೂ ಅಪರೂಪ. ಕೆಂಪು ಗೆರೆಯ ಮಿಸ್ ಕೇರಳ ಕೂಡ ಅಲಂಕಾರಿಕ ಮೀನಿನ ವ್ಯಾಪಾರಕ್ಕಾಗಿ ಹಿಡಿದು ಹಿಡಿದು ಕುಗ್ಗಿದೆ. ಕೊಳ್ಳುವುದಾದರೆ ಸಾಕಣೆಯಲ್ಲಿ ಹುಟ್ಟಿದ್ದನ್ನೇ ಕೊಳ್ಳಿ, ಅದಕ್ಕೆ ನಾಲ್ಕಡಿಗಿಂತ ಸಣ್ಣ ತೊಟ್ಟಿ ಸಾಲದು.

ಯಾವ ಮೀನನ್ನು ಕೊಳ್ಳುವಾಗಲೂ ಅದು ಎಲ್ಲಿ ಹುಟ್ಟಿದ್ದು ಎಂದು ಅಂಗಡಿಯವರನ್ನು ಕೇಳಿ. ನೀವೇ ಬಲೆ ಹಿಡಿದು ಕಾಡಿನ ಹಳ್ಳಕ್ಕೆ ಇಳಿಯಬೇಡಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಅದು ಅಪರಾಧವೂ ಹೌದು. ಸಾಕಿ ಸಾಕಾದ ಮೀನನ್ನು, ಅದು ದೇಸಿಯೇ ಆಗಿರಲಿ, ಕೆರೆಗೆ ಹೊಳೆಗೆ ಬಿಡಬೇಡಿ. ರೋಗ ಹರಡುತ್ತದೆ, ಅಲ್ಲಿನ ಮೀನುಗಳ ಬದುಕು ಕೆಡುತ್ತದೆ. ಬೇಡವಾದರೆ ಇನ್ನೊಬ್ಬ ಸಾಕುವವರಿಗೆ ಕೊಡಿ.