ಹದ್ದು ಏಳುವ ಹೊತ್ತಿಗೆ

ಉದ್ದ ಕೊಕ್ಕಿನ ರಣಹದ್ದು ನಸುಕಿಗೇ ಹಾರಾಟಕ್ಕೆ ಹೊರಡುವ ಹಕ್ಕಿಯಲ್ಲ. ಅಷ್ಟು ಭಾರದ ಮೈಯನ್ನು ಬರೀ ರೆಕ್ಕೆ ಬಡಿದು ಮೇಲೆತ್ತುವುದು ಅದಕ್ಕೆ ತ್ರಾಸ. ಬಿಸಿಲಿಗೆ ಬಂಡೆ ಕಾದು, ಬೆಚ್ಚನೆಯ ಗಾಳಿ ಮೇಲೇಳುವ ತನಕ ಅದು ಕಾಯುತ್ತದೆ. ರಾಮನಗರದ ರಾಮದೇವರ ಬೆಟ್ಟದ ಬುಡದಲ್ಲಿ ಪರಿಸರ ಕಾರ್ಯಕ್ರಮ ಇಟ್ಟುಕೊಳ್ಳುವವರು ಮೊದಲು ನೋಡಬೇಕಾದ ವೇಳಾಪಟ್ಟಿ ಇದು. ಆರು ಗಂಟೆಗೇ ಮಕ್ಕಳನ್ನು ಬಸ್ಸಿನಲ್ಲಿ ತಂದು ಖಾಲಿ ಆಕಾಶ ತೋರಿಸಿ, ಹದ್ದು ಏಳುವ ಹೊತ್ತಿಗೆ ಸರಿಯಾಗಿ ಶಾಮಿಯಾನದ ಕೆಳಗೆ ಸ್ವಾಗತ ಭಾಷಣಕ್ಕೆ ಕೂರಿಸಿದರೆ, ಆ ಮಕ್ಕಳು ಮುಂದಿನ ವರ್ಷ ಖಂಡಿತ ಬರುವುದಿಲ್ಲ.

ಎಂಟೂವರೆಗೆ ತಿಂಡಿ. ಬಿಡದಿಯ ತಟ್ಟೆ ಇಡ್ಲಿ ಪಕ್ಕದಲ್ಲೇ ಇರುವಾಗ ಬೇರೇನೂ ಹುಡುಕಬೇಕಿಲ್ಲ. ಆಮೇಲೆ ಬೆಟ್ಟ. ಧ್ವನಿವರ್ಧಕ ಬೇಡವೇ ಬೇಡ.

ಸೆಪ್ಟೆಂಬರ್ ತಿಂಗಳ ಮೊದಲ ಶನಿವಾರ ಅಂತರರಾಷ್ಟ್ರೀಯ ರಣಹದ್ದು ಜಾಗೃತಿ ದಿನ. ದಕ್ಷಿಣ ಆಫ್ರಿಕ ಮತ್ತು ಇಂಗ್ಲೆಂಡಿನ ಹಕ್ಕಿ ಸಂರಕ್ಷಕರು ತಮ್ಮ ಮಟ್ಟಿಗೆ ಆಚರಿಸುತ್ತಿದ್ದ ಈ ದಿನ 2009ರಿಂದ ಜಗತ್ತಿನದಾಯಿತು. ರಾಮನಗರಕ್ಕಂತೂ ಅಳತೆ ಕೊಟ್ಟು ಹೊಲಿಸಿದಂತಿದೆ. ಶನಿವಾರ ಶಾಲೆ ಬೆಳಗ್ಗೆಯೇ ಇರುವುದರಿಂದ ಮಕ್ಕಳು ಮೇಷ್ಟ್ರ ಜೊತೆ ನೇರವಾಗಿ ಬರಬಹುದು. ಆ ತಿಂಗಳ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುವಂಥದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಹದ್ದುಗಳು ಬಂಡೆಯ ಅಂಚಿನಲ್ಲಿ ಗೂಡು ಕಟ್ಟಿ ಒಂದೇ ಒಂದು ಮೊಟ್ಟೆ ಇಡುವ ಚಳಿಗಾಲ ಆಗಿನ್ನೂ ಬಂದಿರುವುದಿಲ್ಲ. ಆ ಕಾಲದಲ್ಲಿ ಜನಜಂಗುಳಿ ಸೇರಿಸುವುದು, ಎಷ್ಟೇ ಒಳ್ಳೆಯ ಉದ್ದೇಶವಿದ್ದರೂ, ಹಕ್ಕಿಗೆ ಮಾಡುವ ಅಪಕಾರ.

ಹದ್ದು ಕಾಣದಿದ್ದರೆ? ಈಗ ಇರುವವೇ ಬೆರಳೆಣಿಕೆಯಷ್ಟಾದ್ದರಿಂದ ಆ ಸಾಧ್ಯತೆಗೂ ಸಿದ್ಧವಾಗಿರಬೇಕು. ಕಡಿದಾದ ಬಂಡೆಯ ಮೇಲೆ ಸುಣ್ಣ ಸುರಿದಂತೆ ಇಳಿದಿರುವ ಬಿಳಿ ಗೆರೆಗಳನ್ನು ತೋರಿಸಿ, ಅದು ಹದ್ದುಗಳು ಕೂರುವ ಜಾಗದ ಗುರುತು ಎಂದು ಹೇಳಿದರೆ ಹುಡುಗರ ಕಣ್ಣು ಅಲ್ಲೇ ನೆಡುತ್ತದೆ. ಇಲ್ಲೇ ತೆಗೆದ ‘ಶೋಲೆ’ ಚಿತ್ರದ ಬಂಡೆಗಳನ್ನು ನೋಡಲು ಬಂದವರೂ ಹೀಗೆಯೇ ತಲೆ ಎತ್ತಿ ನಿಲ್ಲುತ್ತಾರೆ.

ಇನ್ನು ಯಾರನ್ನು ಕರೆಯಬೇಕು ಎಂಬುದು. ಈ ಬೆಟ್ಟದ ಸುಮಾರು 346 ಹೆಕ್ಟೇರ್ 2012ರಲ್ಲಿ ರಣಹದ್ದುಗಳ ವನ್ಯಜೀವಿಧಾಮವಾಯಿತು. ಆದರೆ ಹದ್ದಿಗೆ ಅಳಿವು ಬಂದದ್ದು ಕಾಡಿನಿಂದಲ್ಲ, ಕೊಟ್ಟಿಗೆಯಿಂದ. ದನಗಳ ನೋವು, ಊತಕ್ಕೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧ ಸತ್ತ ದನದ ಮೈಯಲ್ಲಿ ಉಳಿದಿದ್ದರೆ, ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ. ಭಾರತ ಸರ್ಕಾರ 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್ ಸಹ ಆ ಪಟ್ಟಿಗೆ ಸೇರಿದವು. ಹದ್ದಿಗೆ ಕೇಡು ಮಾಡದ ಮೆಲಾಕ್ಸಿಕಾಮ್ ಇದ್ದೇ ಇದೆ.

ಹಾಗಾದ ಮೇಲೆ ಮುಂದಿನ ಸಾಲಿನಲ್ಲಿ ಕೂರಬೇಕಾದವರು ಹಸು ಸಾಕಿದವರು. ಅವರು ಬರಬೇಕಾದರೆ ಬೆಳಗಿನ ಹಾಲು ಡೇರಿಗೆ ಬಿದ್ದಿರಬೇಕು. ರೇಷ್ಮೆ ಮನೆಗಳಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನಗಳಾಗಿರಬಾರದು, ಆಗ ಮನೆಯಲ್ಲಿ ಒಬ್ಬರಿಗೂ ಕೈ ಬಿಡುವಿರುವುದಿಲ್ಲ. ಬಂದವರಿಗೆ ಒಂದು ಪ್ರಯೋಜನವೂ ಇರಬೇಕು. ಬೆಟ್ಟದ ಬುಡದ ಯಾವುದಾದರೂ ಹಳ್ಳಿಯಲ್ಲಿ ಜಾನುವಾರು ತಪಾಸಣೆ ಶಿಬಿರ ಇಟ್ಟು, ಪಶುವೈದ್ಯರು ಕುಂಟುವ ಹಸುವಿಗೆ ಮದ್ದು ಕೊಡುತ್ತಲೇ ಯಾವ ಮದ್ದು ಬೇಡ, ಏಕೆ ಬೇಡ ಎಂದು ಹೇಳಿದರೆ ಒಂದು ಗಂಟೆಯ ಉಪನ್ಯಾಸಕ್ಕಿಂತ ಅದು ಚೆನ್ನಾಗಿ ನಾಟುತ್ತದೆ. ಮಾತಾಡುವವರು ಬೇಕೇ ಬೇಕೆಂದರೆ ಊರಿನ ಹಿರಿಯರಿದ್ದಾರೆ. ಸತ್ತ ದನವನ್ನು ಊರಾಚೆ ಹಾಕಿದರೆ ಹದ್ದುಗಳು ಹೇಗೆ ಇಳಿಯುತ್ತಿದ್ದವು ಎಂದು ಕಣ್ಣಾರೆ ಕಂಡವರು ಅವರು.

ಸಂಜೆಗೆ ಜಟಾಯುವಿನ ಕಥೆ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ರಾಮನಗರದ ಹೆದ್ದಾರಿಯಲ್ಲೇ ಇದೆ. ರಾಮನ ಹೆಸರಿನ ಬೆಟ್ಟದ ಹತ್ತಿರ, ರೆಕ್ಕೆ ಕಡಿಸಿಕೊಂಡು ಬಿದ್ದ ಹದ್ದನ್ನು ತೊಗಲುಗೊಂಬೆಯ ತೆರೆಯ ಮೇಲೆ ನೋಡಿದ ಮಗು ಬೆಳಗ್ಗೆ ಕಂಡ ಹಕ್ಕಿಯನ್ನು ಮರೆಯಲಾರದು. ಬೆಂಗಳೂರಿನಲ್ಲಿ 2014ರಲ್ಲಿ ನಾಗರಿಕರೇ ಸೇರಿ ಆರಂಭಿಸಿದ ‘ನೆರಳು’ ಮರಗಳ ಹಬ್ಬಕ್ಕೆ ಕಳೆ ಬಂದದ್ದೂ ಹೀಗೆಯೇ: ಮರದ ಕೆಳಗೆ ನಡಿಗೆ, ಕಥೆ, ಚಿತ್ರ.

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಲ್ಲಿ ಮರ ಬೆಳೆಸುವವರಿಗೆ ಬೇರೆಯೇ ಪಾಠವಿದೆ. 1950ರಲ್ಲಿ ಕೆ.ಎಂ. ಮುನ್ಷಿ ಆರಂಭಿಸಿದ ವನಮಹೋತ್ಸವ ಜುಲೈಗೆ ಸೇರಿದ್ದು. ಸಸಿ, ಗುಂಡಿ, ಫೋಟೊ. ಆದರೆ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ ಮತ್ತು ಚಿಕ್ಕಯ್ಯ ದಂಪತಿ ಹುಲಿಕಲ್–ಕುದೂರು ರಸ್ತೆಯ ಆಲದ ಸಾಲನ್ನು ಉಳಿಸಿದ್ದು ನೆಟ್ಟ ದಿನದಿಂದಲ್ಲ. ಬಿಂದಿಗೆಯಲ್ಲಿ ನೀರು ಹೊತ್ತರು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಜನ ಹೇಳುವ ಲೆಕ್ಕ 385 ಮರ. 2019ರಲ್ಲಿ ಪದ್ಮಶ್ರೀ ಪಡೆದ ತಿಮ್ಮಕ್ಕ 2025ರ ನವೆಂಬರ್ 14ರಂದು ತೀರಿಕೊಂಡರು. ಅವರ ಹೆಸರಿನಲ್ಲಿ ಕೂಟ ಸೇರುವುದಾದರೆ ಅದು ಬೇಸಿಗೆಯಲ್ಲಿ, ನೀರಿಗೆ ತತ್ವಾರವಿರುವಾಗ ಸೇರಬೇಕು. ರಾಮನವಮಿ ಆ ಕಾಲಕ್ಕೇ ಬರುತ್ತದೆ. ಆಲದ ನೆರಳಲ್ಲಿ ಅರವಂಟಿಗೆ, ಪಾನಕ, ಕೋಸಂಬರಿ. ಕೈಯಲ್ಲಿ ಒಂದೊಂದು ಬಿಂದಿಗೆ, ಹಿಂದಿನ ಮಳೆಗಾಲದಲ್ಲಿ ನೆಟ್ಟ ಸಸಿಗಳಿಗೆ ನೀರು. ಬಿಂದಿಗೆ ಹೊತ್ತು ಒಂದು ಮೈಲಿ ನಡೆದವರಿಗೆ ಆ ದಂಪತಿಯ ಕೆಲಸದ ಭಾರ ಭುಜಕ್ಕೇ ತಿಳಿಯುತ್ತದೆ.

ಕನಕಪುರದ ಸಂಗಮದಲ್ಲಿ ಕೆಲಸ ಕಟುವಾದದ್ದು. ನಂದಿಬೆಟ್ಟದ ಕಡೆಯಿಂದ ಹೊರಟ ಅರ್ಕಾವತಿ ಮಂಚನಬೆಲೆ, ರಾಮನಗರ ದಾಟಿ ಅಲ್ಲಿ ಕಾವೇರಿಗೆ ಸೇರುತ್ತದೆ. ಜೊತೆಗೆ ಮೇಲಿನ ಊರುಗಳ ಕೊಳೆಯೂ ಇಳಿಯುತ್ತದೆ. ಕಸ ಆರಿಸಲು ಕರೆಯುವವರು ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಮೊದಲೇ ಹೇಳಬೇಕು, ಹೇಳಿದ ಹೊತ್ತಿಗೆ ಮುಗಿಸಬೇಕು, ಬಿಸಿ ಮುದ್ದೆ, ಬಸ್ಸಾರು ಕಾದಿರಬೇಕು.

ನೆನಪಿನ ಕಾಣಿಕೆಯ ವಿಷಯದಲ್ಲಿ ಚನ್ನಪಟ್ಟಣ ಇರುವಾಗ ಪ್ಲಾಸ್ಟಿಕ್ ಫಲಕ ಕೊಡುವುದು ತಪ್ಪು. ಆಲೆ ಮರದಲ್ಲಿ ಕಡೆದು, ಅರಗಿನ ಬಣ್ಣ ಹಚ್ಚಿ, ತಾಳೆಗರಿಯಿಂದ ಉಜ್ಜಿ ಮಿರುಗಿಸಿದ ಪುಟ್ಟ ಹದ್ದನ್ನು ಕುಶಲಕರ್ಮಿಗಳಿಂದ ಮಾಡಿಸಬಹುದು. ಆದರೆ ಅದು ವೇದಿಕೆಯ ಗಣ್ಯರಿಗಲ್ಲ. ಹಸು ಹೊಡೆದುಕೊಂಡು ಬಂದವರ ಮನೆಯ ಮಗುವಿಗೆ.

ಆಹ್ವಾನ ಪತ್ರಿಕೆಯನ್ನು ಹಾಲಿನ ಡೇರಿಯ ಗೋಡೆಗೆ ಅಂಟಿಸಬೇಕು. ದೊಡ್ಡ ಅಕ್ಷರದಲ್ಲಿ ನಾಲ್ಕೇ ಮಾತು ಸಾಕು: ಹಾಲು ಹಾಕಿ ಬನ್ನಿ, ಹಸು ಕರೆತನ್ನಿ, ಇಡ್ಲಿ ಇದೆ, ಹತ್ತು ಗಂಟೆಗೆ ಹದ್ದು ಏಳುತ್ತದೆ.